ನೆಟ್ಟಗಪ್ಪ ತಿದ್ದಿದ ಚುಕ್ಕಿ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಅವರ ಮೇಲಧಿಕಾರಿಗಳೂ ಮರೆತಿದ್ದರು. ಪ್ರಯೋಗಾಲಯದ ಮೂರೂ ಮಹಡಿಗಳಲ್ಲಿ ಆ ಮನುಷ್ಯ ನೆಟ್ಟಗಪ್ಪ. ಎದುರಿಗೆ ‘ಸರ್’, ಬೆನ್ನು ತಿರುಗಿಸಿದರೆ ನೆಟ್ಟಗಪ್ಪ. ಅವರ ಕಣ್ಣಿಗೆ ಸೊಟ್ಟಗಿರುವ ಯಾವ ವಸ್ತುವೂ ಆಗಿಬರುತ್ತಿರಲಿಲ್ಲ. ಬೀದಿಯಲ್ಲಿ ಯಾರೋ ಅಡ್ಡಾದಿಡ್ಡಿಯಾಗಿ ನಿಲ್ಲಿಸಿಹೋದ ಸ್ಕೂಟರನ್ನು ಉಸಿರು ಬಿಗಿಹಿಡಿದು ಎತ್ತಿ ನೇರ ನಿಲ್ಲಿಸುವರು. ಅಂಗಡಿಯ ಬೋರ್ಡು ಒಂದು ಕಡೆ ವಾಲಿದ್ದರೆ, ಗಿರಾಕಿಗಳನ್ನು ಕಾಯಿಸಿಯಾದರೂ ಅಂಗಡಿಯವನನ್ನು ಏಣಿ ಹತ್ತಿಸುವರು. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಮಡಚಿಕೊಂಡ ಕಾಲರನ್ನು ಹಿಂದಿನಿಂದ ಕೈ ಹಾಕಿ ಸರಿಮಾಡಲು ಹೋಗಿ, ಜೇಬುಗಳ್ಳ ಎನ್ನಿಸಿಕೊಂಡು, ಮುಂದಿನ ಸ್ಟಾಪಿನಲ್ಲೇ ಇಳಿಯಬೇಕಾಯಿತು. ಇಳಿದವರು ಅಲ್ಲಿದ್ದ ಬೆಂಚನ್ನು ಸರಿಯಾಗಿ ಜರುಗಿಸಿಟ್ಟು ಮನೆಗೆ ನಡೆದರು.

ಮನೆಯ ಹಜಾರದಲ್ಲಿ ಅವರ ಮದುವೆಯ ಫೋಟೋ ತೂಗುಹಾಕಿತ್ತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅದರ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ನೆಟ್ಟಗೆ ಮಾಡುವರು. ಅವರು ಗೇಟು ದಾಟಿದ ಮೇಲೆ ಹೆಂಡತಿ ಬಂದು ಇನ್ನೊಂದು ಮೂಲೆಯನ್ನು ಒತ್ತಿ ಮೊದಲಿದ್ದ ಹಾಗೆ ಮಾಡುವರು. ಮದುವೆಯಾದಾಗಿನಿಂದ ಇದು ಹೀಗೇ ನಡೆದಿತ್ತು. ಫೋಟೋ ಸರಿಯಾಗೇ ಇದೆ, ನೋಡುವಾಗ ಇವರೇ ತಲೆ ವಾರೆ ಮಾಡುತ್ತಾರೆ ಎಂಬುದು ಆಕೆಯ ವಾದ. ಆ ವಾದವನ್ನು ಆಕೆ ಗಂಡನ ಎದುರು ಮಂಡಿಸಿರಲಿಲ್ಲ, ಏಕೆಂದರೆ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಮದುವೆಯ ಮೊದಲ ವಾರದಲ್ಲೇ ಗೊತ್ತಾಗಿತ್ತು.

ಇನ್ನು ಅವರ ಕೆಲಸ. ಹೇಳಿದರೆ ನಗಬೇಡಿ, ಪೆಟ್ಟಿಗೆಗೆ ಅಂಕಿ ತುಂಬುವುದು. ಆ ಪ್ರಯೋಗಾಲಯದಲ್ಲಿ ಲೋಹದ ಚೂರುಗಳನ್ನು ಭಯಂಕರ ಚಳಿಗೆ ಇಳಿಸಿ, ಅವು ಎಷ್ಟು ಶಾಖ ಹಿಡಿದಿಟ್ಟುಕೊಳ್ಳುತ್ತವೆ ಎಂದು ನೋಡುತ್ತಾರೆ. ಚಳಿ ಎಂದರೆ ನಾವು ನೀವು ಸ್ವೆಟರ್ ಹುಡುಕುವ ಚಳಿಯಲ್ಲ, ಉಸಿರಾಡುವ ಗಾಳಿಯೇ ಗಡ್ಡೆಕಟ್ಟುವ ಚಳಿ. ಪಾದರಸದ ಥರ್ಮಾಮೀಟರನ್ನು ಅಲ್ಲಿಗೆ ಇಳಿಸಿದರೆ ಪಾದರಸವೇ ಕಲ್ಲಾಗುತ್ತದೆ. ಅದಕ್ಕೇ ಬೇಳೆಕಾಳಿಗಿಂತ ಚಿಕ್ಕದಾದ ಒಂದು ಸೆನ್ಸರನ್ನು ಇಳಿಸುತ್ತಾರೆ. ಚಳಿ ಹೆಚ್ಚಿದಷ್ಟೂ ಅದು ಕರೆಂಟನ್ನು ಒಳಗೆ ಬಿಟ್ಟುಕೊಳ್ಳಲು ಮೊಂಡು ಹಿಡಿಯುತ್ತದೆ. ಆ ಮೊಂಡುತನವನ್ನು ಮೇಲಿರುವ ಪೆಟ್ಟಿಗೆ ಓಮ್ ಲೆಕ್ಕದಲ್ಲಿ ಅಳೆಯುತ್ತದೆ. ಆದರೆ ಇಷ್ಟು ಓಮ್ ಎಂದರೆ ಇಷ್ಟು ಚಳಿ ಎಂದು ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಎಳೆಮಗುವಿಗೆ ಇವಳು ಅತ್ತೆ, ಇವನು ಮಾವ ಎಂದು ತೋರಿಸಿಕೊಟ್ಟ ಹಾಗೆ ಯಾರಾದರೂ ತೋರಿಸಿಕೊಡಬೇಕು. ಅದಕ್ಕಾಗಿ ಕಾರ್ಖಾನೆಯವರು ಪ್ರತಿ ಸೆನ್ಸರನ್ನೂ ಪರೀಕ್ಷೆ ಮಾಡಿ, ಅದರ ಜೊತೆಗೇ ಜೋಡಿ ಅಂಕಿಗಳ ಒಂದು ಹಾಳೆ ಕಳಿಸುತ್ತಾರೆ. ಈ ಜೋಡಿಗಳನ್ನು ಚುಕ್ಕಿಯಿಟ್ಟು ಸೇರಿಸಿದರೆ ಒಂದು ಗೆರೆ ಬರುತ್ತದೆ, ಅದಕ್ಕೆ ಕರ್ವ್ ಎನ್ನುತ್ತಾರೆ. ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಆಗದ ಹಾಗೆ, ಒಂದು ಸೆನ್ಸರಿನ ಕರ್ವ್ ಇನ್ನೊಂದಕ್ಕೆ ಆಗುವುದಿಲ್ಲ.

ಆ ಜೋಡಿಗಳನ್ನು ಪೆಟ್ಟಿಗೆಯ ಮುಖದ ಮೇಲಿನ ಗುಂಡಿ ಒತ್ತಿ ಒತ್ತಿ, ಒಂದೊಂದಾಗಿ ಒಳಗೆ ಕೂರಿಸುವವರು ನೆಟ್ಟಗಪ್ಪ. ಕಂಪ್ಯೂಟರಿನಿಂದ ಒಂದು ಕೇಬಲ್ ಸಿಕ್ಕಿಸಿದರೆ ಅಷ್ಟೂ ಅಂಕಿಗಳು ಟೀ ಆರುವುದರೊಳಗೆ ತಾವಾಗಿ ಹೋಗಿ ಕೂರುತ್ತಿದ್ದವು. ಆ ಕೇಬಲ್ ಪೆಟ್ಟಿಗೆಯ ಜೊತೆಯಲ್ಲೇ ಬಂದಿತ್ತು. ನೆಟ್ಟಗಪ್ಪ ಅದನ್ನು ಸುರುಳಿ ಸುತ್ತಿ, ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸ್ವಂತ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಿತ್ತು.

“ಕೇಬಲ್‌ಗೆ ಕಣ್ಣಿದೆಯೇನ್ರಿ? ತಪ್ಪು ಹೋದ್ರೆ ಅದಕ್ಕೆ ನಾಚಿಕೆ ಆಗುತ್ತಾ?”

ಈ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೂ ತಾಳ್ಮೆ ಇರಲಿಲ್ಲ, ಹಾಗಾಗಿ ವಾದದಲ್ಲಿ ಯಾವಾಗಲೂ ಅವರದೇ ಗೆಲುವು. ಕರ್ವ್ ತುಂಬುವ ದಿನದ ಸಡಗರವನ್ನು ನೋಡಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ. ಕಾಗದ ಹಾರಬಾರದೆಂದು ಫ್ಯಾನು ಬಂದ್. ಬಾಗಿಲ ಮೇಲೆ ‘ಕರ್ವ್ ನಡೆಯುತ್ತಿದೆ, ಒಳಗೆ ಬರಬಾರದು’ ಎಂಬ ಫಲಕ, ಒಳಗೇನೋ ಹೃದಯದ ಆಪರೇಷನ್ ನಡೆಯುತ್ತಿದ್ದ ಹಾಗೆ. ಒಂದು ಕೈಯಲ್ಲಿ ಭೂತಕನ್ನಡಿ ಹಿಡಿದು, ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಓದಿ, ಒತ್ತಿ, ಮತ್ತೆ ಓದುವರು. ಎಲ್ಲ ಮುಗಿದ ಮೇಲೆ ಪೆಟ್ಟಿಗೆ ಈ ಕರ್ವಿನ ಹೆಸರೇನು ಎಂದು ಕೇಳುತ್ತದೆ. ಲೋಕದ ಉಳಿದವರೆಲ್ಲ ಅಲ್ಲಿ ಸೆನ್ಸರಿನ ನಂಬರು ಹಾಕುತ್ತಾರೆ. ನೆಟ್ಟಗಪ್ಪ ಹಾಕುತ್ತಿದ್ದದ್ದು ಹೆತ್ತವರಿಟ್ಟ ತಮ್ಮ ಹೆಸರನ್ನು. ಯಾರೂ ಕರೆಯದ ಆ ಹೆಸರು ಪೆಟ್ಟಿಗೆಯ ಹೊಟ್ಟೆಯಲ್ಲಾದರೂ ಬೆಚ್ಚಗೆ ಇರಲಿ ಎಂದು.

ಹೀಗಿರುವಾಗ ಹಳೆಯ ಸೆನ್ಸರ್ ಕೆಟ್ಟು ಹೊಸದು ಬಂತು. ನೆಟ್ಟಗಪ್ಪ ಅದರ ಹಾಳೆಯನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹಾಸಿ, ಚುಕ್ಕಿಗಳನ್ನು ಇಡತೊಡಗಿದರು. ಎಲ್ಲ ಚುಕ್ಕಿಗಳೂ ಅಚ್ಚುಕಟ್ಟಾಗಿ ಸಾಲು ಹಿಡಿದು ಬಂದವು. ನಲವತ್ತೇಳು ಕೆಲ್ವಿನ್ ಹತ್ತಿರ ಬಂದಾಗ ಮಾತ್ರ ಒಂದೇ ಒಂದು ಚುಕ್ಕಿ ಸಾಲು ಬಿಟ್ಟು ಕೂದಲೆಳೆಯಷ್ಟು ಆಚೆ ನಿಂತಿತು. ಕೆಲ್ವಿನ್ ಎಂದರೆ ಚಳಿಯ ತಳವನ್ನೇ ಸೊನ್ನೆ ಎಂದಿಟ್ಟುಕೊಂಡು ಎಣಿಸುವ ಲೆಕ್ಕ. ನೆಟ್ಟಗಪ್ಪ ಕನ್ನಡಕ ಒರೆಸಿ ಮತ್ತೆ ನೋಡಿದರು. ಚುಕ್ಕಿ ಅಲ್ಲೇ ಇತ್ತು. ಅವರಿಗೆ ಊಟ ಸೇರಲಿಲ್ಲ.

ಕಾರ್ಖಾನೆಯಲ್ಲಿ ಯಾರೋ ತೂಕಡಿಸಿಕೊಂಡು ತಪ್ಪು ಬರೆದಿದ್ದಾನೆ ಎಂದು ಹೆಂಡತಿಯನ್ನು ಕರೆದು ತೋರಿಸಿದರು. ಆಕೆ ಕೈಯಲ್ಲಿದ್ದ ಸೌಟನ್ನು ಕೆಳಗಿಡದೆಯೇ, ಅಷ್ಟು ದೊಡ್ಡ ಕಾರ್ಖಾನೆಯವರು ಹಾಗೆ ಕಳಿಸಿದ್ದರೆ ಏನೋ ಕಾರಣ ಇರುತ್ತದೆ ಎಂದು ಹೇಳಿ ಒಳಗೆ ಹೋದರು. ನಿಜವೂ ಅದೇ ಆಗಿತ್ತು. ಆ ಸೆನ್ಸರಿನ ಹುಟ್ಟುಗುಣವೇ ಹಾಗೆ, ನಲವತ್ತೇಳರಲ್ಲಿ ಸ್ವಲ್ಪ ಹೆಚ್ಚು ಮೊಂಡು. ಆದರೆ ಸೌಟು ಹಿಡಿದವರು ಹೇಳಿದ್ದನ್ನು ಕೇಳುವುದಕ್ಕೆ ಅವರು ನೆಟ್ಟಗಪ್ಪ ಆಗಿದ್ದೇಕೆ? ಸ್ಕೇಲ್ ಇಟ್ಟರು. ಚುಕ್ಕಿಯನ್ನು ಸಾಲಿಗೆ ಎಳೆದರು. ಮುನ್ನೂರ ಹದಿನೆಂಟು ಓಮ್ ಇದ್ದದ್ದನ್ನು ಮುನ್ನೂರ ಹನ್ನೊಂದು ಮಾಡಿದರು. ಮರುದಿನ ಅದನ್ನೇ ಪೆಟ್ಟಿಗೆಗೆ ತುಂಬಿದರು. ಪೆಟ್ಟಿಗೆ ತಕರಾರಿಲ್ಲದೆ ಒಪ್ಪಿಕೊಂಡಿತು. ಪೆಟ್ಟಿಗೆಗೇನು, ಅಂಕಿಗಳು ಇಳಿಯುವ ಕ್ರಮದಲ್ಲಿ ಇದ್ದರೆ ಸಾಕು, ಒಳಗೆ ಸತ್ಯ ಇದೆಯೋ ಸ್ಕೇಲ್ ಇದೆಯೋ ಎಂದು ಅದು ಕೇಳುವುದಿಲ್ಲ. ತಾವು ತಿದ್ದಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸಕ್ಕೆ ಡಂಗುರ ಬೇಡ ಎಂಬ ದೊಡ್ಡತನ ಬೇರೆ!

ಆರು ತಿಂಗಳು ಹೋಗಲಿಲ್ಲ, ಪ್ರಯೋಗಾಲಯದ ಸಾಹೇಬರು ಒಂದು ಮಹಾಶೋಧ ಮಾಡಿಬಿಟ್ಟರು. ಸಾಹೇಬರೆಂದರೆ ಅಲ್ಲಿಯ ಮುಖ್ಯಸ್ಥರು. ತಾವು ನಡೆದರೆ ಕಾರಿಡಾರಿನ ದೀಪಗಳು ಸ್ವಲ್ಪ ಹೆಚ್ಚು ಉರಿಯುತ್ತವೆ ಎಂದು ನಂಬಿದ್ದ ಜನ. ಲೋಹದ ಚೂರನ್ನು ತಣ್ಣಗೆ ಮಾಡುತ್ತಾ ಶಾಖದ ಗೆರೆ ಎಳೆದರೆ, ನಲವತ್ತೇಳರ ಹತ್ತಿರ ಗೆರೆಯ ಬೆನ್ನ ಮೇಲೆ ಒಂದು ಗೂನು ಕಾಣಿಸಿಕೊಂಡಿತು. ಹಿಂದೆ ಯಾರೂ ಕಂಡಿರದ ಗೂನು. ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ತಾಮ್ರ ಇಟ್ಟು ನೋಡಿದರು, ಗೂನು. ಬೆಳ್ಳಿ ಇಟ್ಟರು, ಗೂನು. ಸೀಸ ಇಟ್ಟರು, ಅದಕ್ಕೂ ಗೂನು. ಊರಿನಲ್ಲಿ ಎಲ್ಲರಿಗೂ ಗೂನು ಕಂಡರೆ ಮನುಷ್ಯನಾದವನು ಮೊದಲು ತನ್ನ ಕಣ್ಣನ್ನು ತೋರಿಸಿಕೊಳ್ಳುತ್ತಾನೆ. ಸಾಹೇಬರು ಮಾತ್ರ ಇದು ಸೃಷ್ಟಿಯ ನಿಯಮ ಎಂದು ಪ್ರಬಂಧ ಬರೆದು, ಗೂನಿಗೆ ತಮ್ಮ ಮನೆತನದ ಹೆಸರಿಟ್ಟು, ಅದರ ಆಳೆತ್ತರದ ಚಿತ್ರವನ್ನು ಮೆಟ್ಟಿಲ ಹತ್ತಿರ ತೂಗುಹಾಕಿಸಿದರು. ಚಿತ್ರ ನೆಟ್ಟಗಿದೆಯೇ ಎಂದು ನೋಡಿ ಸರಿಮಾಡಿದವರು ನೆಟ್ಟಗಪ್ಪನವರೇ.

ಈಗ ಹುಡುಗಿಯ ವಿಷಯಕ್ಕೆ ಬರಬೇಕು. ನೆಟ್ಟಗಪ್ಪನವರ ಹೆಂಡತಿಯ ತಂಗಿಗೆ ಒಬ್ಬಳು ಮಗಳು. ಚಿಕ್ಕಂದಿನಿಂದ ರಜೆಯೆಲ್ಲ ದೊಡ್ಡಮ್ಮನ ಮನೆಯಲ್ಲೇ. ದೊಡ್ಡಪ್ಪನ ಬಾಯಿಂದಲೇ ಮಗ್ಗಿ ಕಲಿತವಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವಳು ಸಾಹೇಬರ ಕೈಕೆಳಗೆ ಸಂಶೋಧನೆಗೆ ಸೇರಿದಾಗ, ನಮ್ಮ ಹುಡುಗಿ ನಮ್ಮ ಪೆಟ್ಟಿಗೆ ಎಂದು ನೆಟ್ಟಗಪ್ಪ ಎರಡು ದಿನ ಎದೆ ಸೆಟೆಸಿಕೊಂಡು ಓಡಾಡಿದರು. ಅವಳಿಗೆ ಸಾಹೇಬರು ಕೊಟ್ಟ ವಿಷಯ ಇನ್ನೇನು, ಗೂನೇ. ಬೇರೆ ಬೇರೆ ಲೋಹಗಳ ಗೂನನ್ನು ಅಳೆದು ತೋರಿಸಿದರೆ ಪದವಿ.

ಹುಡುಗಿ ಮೊದಲ ವರ್ಷ ಗೂನು ಅಳೆದಳು. ಎರಡನೇ ವರ್ಷ ಅವಳಿಗೆ ಅನುಮಾನ ಬಂತು. ಪರಿಚಯದವರ ಮೂಲಕ ಊರಾಚೆಯ ಇನ್ನೊಂದು ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿಯ ಹಳೇ ಯಂತ್ರದಲ್ಲಿ ಅದೇ ಚೂರುಗಳನ್ನು ಅಳೆದು ನೋಡಿದಳು. ಗೂನು ಇಲ್ಲ. ವಾಪಸು ಬಂದು ಈ ಯಂತ್ರದಲ್ಲಿ ಯಾವ ಲೋಹವನ್ನೂ ಇಡದೆ, ಬರೀ ಖಾಲಿ ಬಟ್ಟಲನ್ನು ಇಳಿಸಿ ಅಳೆದಳು. ಖಾಲಿ ಬಟ್ಟಲಿಗೂ ಗೂನು! ಅದನ್ನು ತೆಗೆದುಕೊಂಡು ಹೋಗಿ ಸಾಹೇಬರ ಮೇಜಿನ ಮೇಲಿಟ್ಟಳು. ಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ, ಹಾಗಾದರೆ ಖಾಲಿ ಜಾಗಕ್ಕೂ ಗೂನಿದೆ, ಇದು ಇನ್ನೂ ದೊಡ್ಡ ಶೋಧ ಎಂದರು. ಹುಡುಗಿ ನಗಬಾರದಿತ್ತು. ನಕ್ಕಳು.

ಅಲ್ಲಿಗೆ ಅವಳ ಗ್ರಹಚಾರ ಕೆಟ್ಟಿತು. ಆಚೆಯ ಪ್ರಯೋಗಾಲಯದ ಯಂತ್ರ ಗುಜರಿ ಮಾಲು, ಅಳೆಯಲು ಬಾರದವರು ಅಲ್ಲಿಗೆ ಹೋಗುತ್ತಾರೆ ಎಂದು ಸಾಹೇಬರು ಸಭೆಯಲ್ಲೇ ಹೇಳಿದರು. ಹೊರಗಿನ ಪರೀಕ್ಷಕರು ಬರುವ ದಿನ ಅವಳು ಗೂನನ್ನು ಒಪ್ಪಿಕೊಂಡು ಪ್ರಬಂಧ ಮಂಡಿಸಬೇಕು. ಇಲ್ಲವೆಂದರೆ ಅವಳ ಹೆಸರನ್ನು ತೆಗೆದುಹಾಕುತ್ತಾರೆ. ಆ ತಿಂಗಳ ಕೊನೆಗೆ ಅವಳ ಅವಧಿಯೂ ಮುಗಿಯುತ್ತಿತ್ತು. ಒಂದೋ ಸುಳ್ಳಿಗೆ ಸಹಿ ಹಾಕಿ ಪದವಿ ತಗೋ, ಇಲ್ಲಾ ಗಂಟುಮೂಟೆ ಕಟ್ಟು. ವಿಷಯ ಇಷ್ಟೇ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹುಡುಗಿ ಎರಡು ಗ್ರಾಫುಗಳನ್ನು ದೊಡ್ಡಪ್ಪನ ತಟ್ಟೆಯ ಪಕ್ಕ ಹರಡಿದಳು. ದೊಡ್ಡಮ್ಮ ಒಳಗೆ ಒಲೆಯ ಮುಂದೆ ಇದ್ದರು. ಎಲ್ಲಿ ಆ ಗೂನು ಎಂದು ನೆಟ್ಟಗಪ್ಪ ಉಪೇಕ್ಷೆಯಿಂದ ಕೇಳಿದರು. ಅದುವರೆಗೆ ಅವರು ಗೂನಿನ ಚಿತ್ರದ ಚೌಕಟ್ಟನ್ನು ನೋಡಿದ್ದರೇ ಹೊರತು ಗೂನನ್ನು ನೋಡಿರಲಿಲ್ಲ.

“ನಲವತ್ತೇಳರ ಹತ್ರ, ದೊಡ್ಡಪ್ಪ. ಪ್ರತಿ ಸಲನೂ ಕರೆಕ್ಟಾಗಿ ಅಲ್ಲೇ.”

ನೆಟ್ಟಗಪ್ಪ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ನೀರು ಕುಡಿದರು. ಊಟದ ಮೇಜಿನ ಮೇಲೆ, ಅದೇ ಜಾಗದಲ್ಲಿ, ಸ್ಕೇಲ್ ಇಟ್ಟು ಎಳೆದ ಚುಕ್ಕಿ ಕಣ್ಣ ಮುಂದೆ ಬಂದು ಕೂತಿತು. ಕಾಗದದಿಂದ ತಾವು ಅಳಿಸಿದ ಸೊಟ್ಟ ಸೆನ್ಸರಿನಲ್ಲಿ ಹಾಗೇ ಉಳಿದು, ಎಲ್ಲ ಲೋಹಗಳ ಬೆನ್ನೇರಿತ್ತು. ಹೇಳಿಬಿಡಲೇ ಎಂದು ಒಂದು ಕ್ಷಣ ಬಾಯಿ ತೆರೆದದ್ದೂ ಉಂಟು. ಆದರೆ ಹೆಮ್ಮೆ ಇರುವ ಮನುಷ್ಯನ ತಲೆ ಒಂದು ವಿಚಿತ್ರ ಯಂತ್ರ, ಎಂಥ ಸಗಣಿ ಹಾಕಿದರೂ ಸಕ್ಕರೆ ಮಾಡಿ ಕೊಡುತ್ತದೆ. ಅನ್ನ ಕಲಸುತ್ತಾ ಕಲಸುತ್ತಾ ಅವರಿಗೆ ಬೇರೆಯೇ ಹೊಳೆಯಿತು. ತಾನು ತಿದ್ದಿದ್ದರಿಂದಲೇ ಈ ಪೆಟ್ಟಿಗೆ ಲೋಕದ ಉಳಿದೆಲ್ಲ ಪೆಟ್ಟಿಗೆಗಳಿಗಿಂತ ಶುದ್ಧವಾಗಿದೆ. ಅದಕ್ಕೇ ಬೇರೆಯವರಿಗೆ ಕಾಣದ ಗೂನು ಇದಕ್ಕೆ ಕಾಣುತ್ತಿದೆ. ಹಾಗೆ ನೋಡಿದರೆ ಈ ಶೋಧದ ನಿಜವಾದ ತಂದೆ ಯಾರು? ಮೊಸರು ಬರುವ ಹೊತ್ತಿಗೆ ಅವರಿಗೆ ಖಾತ್ರಿಯೇ ಆಗಿಹೋಗಿತ್ತು.

ದೊಡ್ಡವರು ಹೇಳಿದ್ದನ್ನು ಕೇಳಬೇಕು ಎಂದು ಹುಡುಗಿಗೆ ಬುದ್ಧಿ ಹೇಳಿದರು. ನಮ್ಮ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಸೇರಿಸಿದರು. ನೆಲವನ್ನು ಡೊಂಕು ಮಾಡಿದ ಪುಣ್ಯಾತ್ಮನೇ ಈ ಗಾದೆ ಹೇಳಿದ್ದು, ಗಾದೆ ಮಾಡಿದವರಿಗೆ ಗೊತ್ತಿದ್ದರೆ ವಾಪಸು ತೆಗೆದುಕೊಳ್ಳುತ್ತಿದ್ದರು. ಹುಡುಗಿ ಗ್ರಾಫುಗಳನ್ನು ಮಡಚಿಕೊಂಡು ಎದ್ದಳು. ಅವಳ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ದೊಡ್ಡಮ್ಮ ಬಂದು, ಮಗು ಯಾಕೆ ಉಣ್ಣಲಿಲ್ಲ ಎಂದು ಕೇಳಿದರೆ, ಈಗಿನ ಮಕ್ಕಳಿಗೆ ಹಸಿವೇ ಇಲ್ಲ ಎಂದು ನೆಟ್ಟಗಪ್ಪ ಗ್ರಾಫು ಇದ್ದ ಜಾಗವನ್ನು ಒರೆಸತೊಡಗಿದರು.

ಪರೀಕ್ಷಕರು ಬರುವ ದಿನ ಬಂತು. ಯಾರೋ ಸೂಟು ತೊಟ್ಟ ಗಂಡಸು ಇಳಿಯುತ್ತಾನೆಂದು ಸಾಹೇಬರು ಬಾಗಿಲಲ್ಲಿ ಕಾದರೆ, ಇಳಿದವರು ವಯಸ್ಸಾದ ಒಬ್ಬ ಹೆಂಗಸು. ದಪ್ಪ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ, ನಿಧಾನದ ನಡಿಗೆ. ಅಳತೆಯ ಕೋಣೆಯಲ್ಲಿ ಸಾಹೇಬರು, ಹುಡುಗಿ, ಪರೀಕ್ಷಕಿ. ಬೀರುವಿಗೆ ಬೆನ್ನು ಕೊಟ್ಟು ಇಸ್ತ್ರಿ ಅಂಗಿಯ ನೆಟ್ಟಗಪ್ಪ. ಅವರನ್ನು ಯಾರೂ ಕರೆದಿರಲಿಲ್ಲ. ಯಾರಾದರೂ ಕೃತಜ್ಞತೆ ಹೇಳಿದರೆ ಹತ್ತಿರ ಇರಲಿ ಎಂದು ತಾವಾಗಿ ಬಂದು ನಿಂತಿದ್ದರು.

ಸಾಹೇಬರು ಗೂನಿನ ಗುಣಗಾನ ಮುಗಿಸಿದರು. ಕಟ್ಟಡ ಕಟ್ಟಿಸಿದವರಿಗೆ, ಚಳಿ ಹುಟ್ಟಿಸುವ ಹೀಲಿಯಂ ಪೂರೈಸಿದವರಿಗೆ, ಟೀ ಕಾಯಿಸುವವನಿಗೆ ಕೂಡ ಧನ್ಯವಾದ ಹೇಳಿದರು. ನೆಟ್ಟಗಪ್ಪ ಒಂದು ಹೆಜ್ಜೆ ಮುಂದೆ ಬಂದರು. ಧನ್ಯವಾದ ಅಲ್ಲಿಗೆ ಮುಗಿಯಿತು. ಅವರು ಒಂದು ಹೆಜ್ಜೆ ಹಿಂದೆ ಹೋದರು.

ನಿನ್ನ ಅಳತೆ ಏನು ಹೇಳುತ್ತದೆ ಎಂದು ಪರೀಕ್ಷಕಿ ಹುಡುಗಿಯನ್ನು ಕೇಳಿದರು. ಹುಡುಗಿ ತಲೆ ಎತ್ತಿ, ತನ್ನ ಅಳತೆಯ ಪ್ರಕಾರ ಗೂನು ಲೋಹದಲ್ಲಿಲ್ಲ, ಎಲ್ಲಿದೆ ಎಂದು ತನಗೆ ಗೊತ್ತಿಲ್ಲ ಎಂದು ಹೇಳಿದಳು. ಸಾಹೇಬರ ಮುಖ ಬಿಗಿಯಿತು. ಗೊತ್ತಿಲ್ಲ ಎನ್ನುವವರಿಗೆ ಪದವಿ ಕೊಡುವ ಪದ್ಧತಿ ಇಲ್ಲಿಲ್ಲ, ಇವತ್ತಿಗೆ ಇದು ಮುಗಿಯಿತು ಎಂದರು. ಪರೀಕ್ಷಕಿ ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, ಒಂದೆರಡು ಗುಂಡಿ ಒತ್ತಿದರು. ಕರ್ವಿನ ಹೆಸರು ತೆರೆಯ ಮೇಲೆ ಹಸಿರಾಗಿ ಮೂಡಿತು. ಇದು ಯಾರ ಹೆಸರು ಎಂದು ಕೇಳಿದರು.

ಸಾಹೇಬರು ಬಗ್ಗಿ ನೋಡಿ ನಕ್ಕರು.

“ಅದಾ? ಅಂಕಿ ಒತ್ತೋರ ಹೆಸರಿರಬೇಕು ಬಿಡಿ. ಕಾರ್ಖಾನೆಯಿಂದ ಬಂದಿದ್ದನ್ನ ಸುಮ್ನೆ ಒತ್ತೋದು ಅಷ್ಟೇ, ಅದಕ್ಕೇನು ತಲೆ ಬೇಕಾ? ಮುಂದಿನ ತಿಂಗಳಿಂದ ಕೇಬಲ್ ಹಾಕಿಸ್ತೀನಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಯಾರೂ ಕಳ್ಳ ಎಂದಿರಲಿಲ್ಲ, ಕುಂಬಳಕಾಯಿಯ ಸುದ್ದಿಯೇ ಇರಲಿಲ್ಲ. ನೆಟ್ಟಗಪ್ಪ ತಾವಾಗಿಯೇ ಕಾಯಿಯನ್ನು ತಲೆ ಮೇಲೆ ಹೊತ್ತುಕೊಂಡು ಸಭೆಗೆ ಬಂದರು. ತಲೆ ಬೇಡ ಎಂದದ್ದನ್ನಾದರೂ ನುಂಗಿಕೊಳ್ಳುತ್ತಿದ್ದರೇನೋ. ಕೇಬಲ್ ಎಂದದ್ದು ತಡೆಯಲಾಗಲಿಲ್ಲ.

“ಸುಮ್ನೆ ಒತ್ತಲ್ಲ ಸ್ವಾಮಿ ನಾನು. ಕಾರ್ಖಾನೆಯೋರೇ ಒಂದು ಕಡೆ ತಪ್ಪು ಮಾಡಿದ್ರು. ಅದನ್ನ ಸ್ಕೇಲ್ ಇಟ್ಟು ತಿದ್ದಿ ಹಾಕಿದೋನು ನಾನು. ನಾನು ತಿದ್ದಿದ್ದಕ್ಕೇ ನಿಮಗೆ ಗೂನು ಸಿಕ್ಕಿದ್ದು.”

ಪರೀಕ್ಷಕಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು, ಯಾವ ಕಡೆ ತಿದ್ದಿದ್ದು ಎಂದು ಬಹಳ ಮೃದುವಾಗಿ ಕೇಳಿದರು. ನಲವತ್ತೇಳರಲ್ಲಿ ಎಂದು ನೆಟ್ಟಗಪ್ಪ ಎದೆಯುಬ್ಬಿಸಿ ಹೇಳಿದರು. ಹೇಳಿದ ಮಾತು ತಮ್ಮ ಕಿವಿಗೇ ಬಿದ್ದಾಗ ಉಬ್ಬಿದ ಎದೆ ಮೆಲ್ಲಗೆ ಇಳಿಯಿತು. ಒಳಗೆ ಸಕ್ಕರೆಯಾಗಿದ್ದದ್ದು ಅಷ್ಟು ಜನರ ಮುಂದೆ ಮತ್ತೆ ಸಗಣಿಯಾಯಿತು. ಹುಡುಗಿ ಅವರನ್ನೇ ನೋಡುತ್ತಿದ್ದಳು.

ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಸಾಹೇಬರು. ಇದು ಹಳೇ ಮಾತು, ವಯಸ್ಸಾದವರು ಏನೋ ಹೇಳುತ್ತಾರೆ, ಆ ಸೆನ್ಸರಿನ ಹಾಳೆ ಈಗ ಎಲ್ಲಿದೆಯೋ, ಕಾರ್ಖಾನೆಗೆ ಕೇಳಿ ತರಿಸಿಕೊಂಡು ನೋಡೋಣ, ಎರಡು ಮೂರು ತಿಂಗಳು ಆದೀತು ಎಂದರು. ಎರಡು ಮೂರು ತಿಂಗಳು ಎಂದರೆ ಹುಡುಗಿಯ ಹೆಸರು ಹೋಗಿ, ಅವಳ ಕುರ್ಚಿಯಲ್ಲಿ ಇನ್ನೊಬ್ಬರು ಕೂತಾಗಿರುತ್ತದೆ. ಮೊದಲಿದ್ದ ಅಂಕಿ ನೆನಪಿದೆಯೇ ಎಂದು ಪರೀಕ್ಷಕಿ ನೆಟ್ಟಗಪ್ಪನವರನ್ನು ಕೇಳಿದರು. ಪರೀಕ್ಷಕಿಯ ಬೆನ್ನ ಹಿಂದೆ ನಿಂತು ಸಾಹೇಬರು ಇಲ್ಲ ಎನ್ನುವಂತೆ ತಲೆಯಾಡಿಸಿದರು. ಒಂದು ಸಲ ಅಲ್ಲ, ಮೂರು ಸಲ.

ನೆನಪಿಲ್ಲ ಎಂದರೆ ಎಲ್ಲ ಮುಗಿಯುತ್ತಿತ್ತು. ಗೂನು ಉಳಿಯುತ್ತಿತ್ತು, ಸಾಹೇಬರು ಉಳಿಯುತ್ತಿದ್ದರು, ತೆರೆಯ ಮೇಲಿನ ಹಸಿರು ಹೆಸರೂ ಉಳಿಯುತ್ತಿತ್ತು. ನೆಟ್ಟಗಪ್ಪನವರಿಗೆ ಹೆದರಿಕೆಯಾಯಿತು. ನಾಚಿಕೆ ಹೆದರಿಕೆಗಿಂತ ದೊಡ್ಡದಾಗಿತ್ತು. ಕೈ ಬೀಗದ ಕೈಯಿದ್ದ ಜೇಬಿಗೆ ಹೋಯಿತು. ಆಗ ಹುಡುಗಿ ಮಾತಾಡಿದಳು. ಸಿಟ್ಟಿನಿಂದಲ್ಲ, ಸುಸ್ತಾದವರು ಮಾತಾಡುವ ಹಾಗೆ.

“ನಿಮಗೆ ನೆನಪಿರುತ್ತೆ ದೊಡ್ಡಪ್ಪ. ನೀವು ಯಾವ ಅಂಕಿನೂ ಮರೆಯಲ್ಲ.”

ಅವಳು ಹೇಳಿದ್ದು ನಿಜ. ಹೆಂಡತಿಯ ಹುಟ್ಟಿದ ದಿನ ಮರೆಯಬಲ್ಲರು, ಗ್ಯಾಸು ಆರಿಸುವುದನ್ನು ಮರೆಯಬಲ್ಲರು, ಒಮ್ಮೆ ನೋಡಿದ ಅಂಕಿಯನ್ನು ಮಾತ್ರ ಮರೆಯಲಾರರು. ಅವರನ್ನು ಪೆಟ್ಟಿಗೆಯ ಕಡೆ ನಡೆಸಿದ್ದು ಪ್ರೀತಿಯೋ, ನೆನಪಿಲ್ಲ ಎನ್ನಲು ಅಡ್ಡ ಬಂದ ಅಹಂಕಾರವೋ, ಅವರನ್ನು ಚೆನ್ನಾಗಿ ಬಲ್ಲವರಿಗೂ ಹೇಳಲಾಗದು. ನಡೆದರಂತೂ ನಡೆದರು. ಫ್ಯಾನು ಆರಿಸಲಿಲ್ಲ. ಭೂತಕನ್ನಡಿ ತೆಗೆಯಲಿಲ್ಲ. ನಲವತ್ತೇಳರ ಸಾಲಿಗೆ ಇಳಿದು, ಮುನ್ನೂರ ಹನ್ನೊಂದನ್ನು ಅಳಿಸಿ, ಮುನ್ನೂರ ಹದಿನೆಂಟು ಒತ್ತಿದರು. ಗಟ್ಟಿಯಾಗಿ ಓದಲು ಹೋದರು, ಧ್ವನಿ ಬರಲಿಲ್ಲ. ಪಕ್ಕದಲ್ಲಿ ನಿಂತ ಹುಡುಗಿಯೇ ಓದಿದಳು.

ಖಾಲಿ ಬಟ್ಟಲನ್ನು ಮತ್ತೆ ಚಳಿಗೆ ಇಳಿಸಿದರು. ತಣ್ಣಗಾಗುವವರೆಗೆ ಎಲ್ಲರೂ ಕಾದರು. ಟೀ ಬಂತು, ಯಾರೂ ಕುಡಿಯಲಿಲ್ಲ. ಆಮೇಲೆ ತೆರೆಯ ಮೇಲೆ ಗೆರೆ ಒಂದೊಂದೇ ಚುಕ್ಕಿಯಾಗಿ ಮೂಡತೊಡಗಿತು. ಅರವತ್ತು, ಐವತ್ತೈದು, ಐವತ್ತು. ನಲವತ್ತೇಳು ಬಂತು, ನಲವತ್ತೇಳು ಹೋಯಿತು. ಎಲ್ಲೂ ತಡವರಿಸದೆ, ಎಲ್ಲೂ ಬೆನ್ನು ಎತ್ತದೆ, ಗೆರೆ ತನ್ನ ಪಾಡಿಗೆ ನೀಟಾಗಿ ಇಳಿದುಹೋಯಿತು. ಅಷ್ಟು ಅಚ್ಚುಕಟ್ಟಾದ ಗೆರೆಯನ್ನು ನೆಟ್ಟಗಪ್ಪ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಸೊಟ್ಟ ಚುಕ್ಕಿಯನ್ನು ಸೊಟ್ಟಗೇ ಬಿಟ್ಟದ್ದಕ್ಕೆ ಬಂದ ಗೆರೆ ಅದು.

“ನನಗೆ ಮೊದಲಿಂದ್ಲೂ ಅನುಮಾನ ಇತ್ತು” ಎಂದರು ಸಾಹೇಬರು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಪರೀಕ್ಷಕಿ ಅಲ್ಲೇ ಕೂತು, ಗೂನು ಎಲ್ಲಿಂದ ಬಂತು ಎಂಬುದನ್ನೇ ಪ್ರಬಂಧದಲ್ಲಿ ಬರೆಯುವಂತೆ ಹುಡುಗಿಗೆ ಹೇಳಿ, ಅವಧಿ ಬೆಳೆಸಿ ಸಹಿ ಮಾಡಿದರು. ಹುಡುಗಿಗೆ ಪದವಿ ಬಂತು. ಸಾಹೇಬರಿಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಅಂಥವರಿಗೆ ಏನಾದರೂ ಆಗುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಗೂನು ಹೇಗೆ ಮಾಯವಾಯಿತು ಎಂಬುದರ ಮೇಲೆ ಇನ್ನೊಂದು ಪ್ರಬಂಧ ಬರೆದು ಅದಕ್ಕೂ ಚಪ್ಪಾಳೆ ತಟ್ಟಿಸಿಕೊಂಡರು. ನೆಟ್ಟಗಪ್ಪನವರ ಜೇಬಿನಿಂದ ಬೀಗದ ಕೈ ಹೋಯಿತು, ಬೀರುವಿನಿಂದ ಕೇಬಲ್ ಬಂತು. ಈಗ ಅಂಕಿಗಳು ತಾವಾಗಿ ಹರಿದುಹೋಗಿ ಕೂರುತ್ತವೆ, ಕೇಬಲ್ ಸುರುಳಿಯಾಗದ ಹಾಗೆ ನೆಟ್ಟಗಪ್ಪ ಅದರ ನಡುವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿರುತ್ತಾರೆ. ಹಿಡಿಯಬೇಕೆಂದು ಯಾರೂ ಹೇಳಿಲ್ಲ.

ಆದರೆ ಅವತ್ತಿನ ಸಂಜೆಯ ಮಾತು ಒಂದು ಬಾಕಿ ಇದೆ. ದೊಡ್ಡಪ್ಪ, ಮಗಳು ಇಬ್ಬರೂ ಬಸ್ಸು ಹತ್ತದೆ ಮನೆಗೆ ನಡೆದು ಹೊರಟಿದ್ದರು. ಅರ್ಧ ದಾರಿಯಾದ ಮೇಲೆ, ಭಾನುವಾರ ಊಟ ಮಾಡುವಾಗಲೇ ನಿಮಗೆ ಗೊತ್ತಾಗಿತ್ತಲ್ಲವೇ ಎಂದು ಅವಳು ಕೇಳಿದಳು. ಅವರು ಹೌದು ಎಂದರು. ತನ್ನ ಎರಡು ವರ್ಷ ಹೋಯಿತು, ತನಗೆ ತಲೆಯೇ ಸರಿಯಿಲ್ಲವೇನೋ ಎಂದು ಎಷ್ಟೋ ದಿನ ಅಂದುಕೊಂಡಿದ್ದಾಗಿ ಅವಳು ಹೇಳಿದಳು. ಹೇಳುವಾಗ ಅಳಲಿಲ್ಲ. ಅತ್ತಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

“ತಪ್ಪಾಯ್ತು ಕಣಮ್ಮ,” ಎಂದರು ನೆಟ್ಟಗಪ್ಪ. ಆ ಮಾತು ಅವರ ಬಾಯಿಂದ ಹೊರಬಿದ್ದದ್ದು ಅದೇ ಮೊದಲು, ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗಲಿಲ್ಲ. “ಆದ್ರೂ ಕಾರ್ಖಾನೆಯೋರು ಅದು ಹಾಗೇ ಇರೋದು ಅಂತ ಒಂದು ಮಾತು ಹೇಳ್ಬಹುದಿತ್ತು.”

“ಹೇಳಿದ್ರಲ್ಲ ದೊಡ್ಡಪ್ಪ. ಅಲ್ಲೇ ಚುಕ್ಕಿ ಇಟ್ಟಿದ್ರು.”

ಅವರು ತಲೆ ತಗ್ಗಿಸಿ ನಡೆದರು. ಮನೆಯ ಬೀದಿಯ ತಿರುವಿನಲ್ಲಿ ಯಾರೋ ಸ್ಕೂಟರೊಂದನ್ನು ಅರ್ಧ ರಸ್ತೆಗೆ, ಅರ್ಧ ಚರಂಡಿಗೆ ಮೂತಿ ಮಾಡಿ ನಿಲ್ಲಿಸಿದ್ದರು. ನೆಟ್ಟಗಪ್ಪ ಅದನ್ನು ನೋಡಿದರು. ಕೈ ಮುಂದೆ ಹೋಯಿತು. ತಕ್ಷಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಏನೂ ಕಾಣದವರಂತೆ ಅದನ್ನು ದಾಟಿ ನಾಲ್ಕು ಹೆಜ್ಜೆ ಹೋದರು. ಅಲ್ಲಿ ಕಾಲು ಏಳಲಿಲ್ಲ.

ಹುಡುಗಿ ಹಿಂದೆ ತಿರುಗಿ ಸ್ಕೂಟರನ್ನೂ ನೋಡಿದಳು, ದೊಡ್ಡಪ್ಪನ ಮುಖವನ್ನೂ ನೋಡಿದಳು.

“ಹೋಗಿ, ಸರಿ ಮಾಡಿ ಬನ್ನಿ,” ಎಂದಳು. “ಅದು ಬರೀ ಸ್ಕೂಟರು.”